ಬರೆದುಕೊಟ್ಟ ಔಷಧ ಸಿಗದಿದ್ದಾಗ ಬೇರೆ ಬ್ರ್ಯಾಂಡಿಗೆ ಬದಲಾಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವ ಮಾತ್ರೆ ಒಂದು ದಿನ ಇದ್ದಕ್ಕಿದ್ದಂತೆ ಸಿಗುವುದಿಲ್ಲ. "ಸ್ಟಾಕ್ ಇಲ್ಲ, ಯಾವಾಗ ಬರುತ್ತೋ ಹೇಳೋಕಾಗಲ್ಲ" ಎನ್ನುತ್ತಾರೆ. ಆಗ ಕೆಲವರು ಬರುವ ತನಕ ಕಾಯೋಣ ಎಂದು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು "ಇದೂ ಅದೇನೇ" ಎಂದು ಕೊಟ್ಟದ್ದನ್ನು ತಿರುಗಿಸಿಯೂ ನೋಡದೆ ಮನೆಗೆ ತರುತ್ತಾರೆ. ಎರಡರಲ್ಲೂ ಅಪಾಯವಿದೆ.

ಬಹುಪಾಲು ಔಷಧಗಳಲ್ಲಿ ಬ್ರ್ಯಾಂಡ್ ಬದಲಾದರೆ ಏನೂ ಆಗುವುದಿಲ್ಲ. ಆದರೆ ಬ್ರ್ಯಾಂಡಿನ ಜೊತೆಗೇ ನಮ್ಮ ಗಮನಕ್ಕೆ ಬಾರದಂತೆ ಇನ್ನೊಂದು ಬದಲಾಗಿಬಿಟ್ಟರೆ ಕಷ್ಟ. ಅದು ಮಾತ್ರೆಯ ಪವರ್ ಇರಬಹುದು, ಅದು ಕರಗುವ ರೀತಿ ಇರಬಹುದು, ಒಳಗಿನ ಔಷಧವೇ ಇರಬಹುದು. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬದಲಾಗಿರುವುದು ಹೆಸರು ಮಾತ್ರವೇ?

ಹಂತ 1: ಕೈಯಲ್ಲಿ ಎಷ್ಟು ದಿನದ ಔಷಧ ಉಳಿದಿದೆ, ನೋಡಿ

ಉಳಿದ ಮಾತ್ರೆಗಳನ್ನು ಎಣಿಸಿ, ದಿನದ ಡೋಸಿನಿಂದ ಭಾಗಿಸಿ, ಕೊನೆಯ ಮಾತ್ರೆ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಬರೆದಿಡಿ. ಹತ್ತು ದಿನ ಇದ್ದರೆ ನಿಧಾನವಾಗಿ ವಿಚಾರಿಸಬಹುದು. ಎರಡೇ ದಿನ ಇದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಬೇಕು.

ಇದ್ದದ್ದನ್ನೇ ಹೆಚ್ಚು ದಿನ ಎಳೆಯೋಣವೆಂದು ಅರ್ಧರ್ಧ ಮಾತ್ರೆ ನುಂಗುವುದು, ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಬೇಡ. ಮನೆಯಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ, ಆದರೆ ಕೆಲವು ಔಷಧಗಳ ವಿಷಯದಲ್ಲಿ ಇದೇ ಆಸ್ಪತ್ರೆಗೆ ಸೇರಿಸುವ ಸ್ಥಿತಿ ತರುತ್ತದೆ.

ಒಂದು ದಿನವೂ ತಪ್ಪಬಾರದ ಔಷಧಗಳು ಯಾವುವು ಎಂದು ತಿಳಿದಿರಲಿ. ಫಿಟ್ಸ್ ಮಾತ್ರೆ ನಿಂತರೆ ವರ್ಷಗಳಿಂದ ಬಾರದಿದ್ದ ಫಿಟ್ಸ್ ಮರಳಿ ಬರಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳನ್ನು ಥಟ್ಟನೆ ಬಿಟ್ಟರೆ ಹೃದ್ರೋಗಿಗಳಲ್ಲಿ ಎದೆನೋವು, ಹೃದಯಾಘಾತ ಕೂಡ ಆಗಬಹುದು. ಕ್ಲೊನಿಡಿನ್ ನಿಲ್ಲಿಸಿದರೆ ರಕ್ತದೊತ್ತಡ ಮೊದಲಿಗಿಂತ ಮೇಲಕ್ಕೆ ಜಿಗಿಯುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ; ಅವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳ ಪರಿಣಾಮ ಸುಮಾರು ಒಂದು ದಿನದಲ್ಲೇ ಇಳಿದುಹೋಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್, ಟಿಕಗ್ರೆಲಾರ್, ಟೈಪ್ 1 ಮಧುಮೇಹಿಗಳ ಇನ್ಸುಲಿನ್, ಅಂಗಾಂಗ ಕಸಿಯಾದವರ ಟ್ಯಾಕ್ರೊಲಿಮಸ್, ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್, ಬಹುಕಾಲ ತೆಗೆದುಕೊಂಡ ನಿದ್ರೆ ಮತ್ತು ಆತಂಕದ ಮಾತ್ರೆಗಳು, ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ವೆನ್ಲಫಾಕ್ಸಿನ್ ಇವೆಲ್ಲ ಇದೇ ಸಾಲಿನವು.

ಇನ್ನೊಂದು ತುದಿಯಲ್ಲಿ ಥೈರಾಯ್ಡಿನ ಲೆವೊಥೈರಾಕ್ಸಿನ್ ಇದೆ. ಅದು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಒಂದೆರಡು ದಿನ ತಪ್ಪಿದರೆ ಗಾಬರಿ ಪಡಬೇಕಾಗಿಲ್ಲ. ಹಾಗೆಂದು ಗರ್ಭಿಣಿಯರು ಮಾತ್ರ ಇಲ್ಲಿಯೂ ಸಲುಗೆ ತೆಗೆದುಕೊಳ್ಳಬಾರದು.

ಹಂತ 2: ಕೊರತೆ ಯಾವುದರದು?

"ಸಿಗುತ್ತಿಲ್ಲ" ಎಂಬ ಮಾತಿಗೆ ಮೂರು ಅರ್ಥಗಳಿರುತ್ತವೆ. ಒಂದು ಕಂಪನಿಯ ಬ್ರ್ಯಾಂಡ್ ಮಾತ್ರ ಬರುತ್ತಿಲ್ಲದಿರಬಹುದು. ಒಂದು ಪವರ್ ಮಾತ್ರ ಇಲ್ಲದಿರಬಹುದು. ಅಥವಾ ಆ ಔಷಧವೇ ಎಲ್ಲೂ ಇಲ್ಲದಿರಬಹುದು. ಮೊದಲ ಎರಡರಲ್ಲಿ ದಾರಿ ಸುಲಭ. ಮೂರನೆಯದರಲ್ಲಿ ಅಂಗಡಿ ಅಂಗಡಿ ಅಲೆಯುವುದು ಬಿಟ್ಟು ನೇರವಾಗಿ ವೈದ್ಯರ ಬಳಿ ಹೋಗಬೇಕು.

ಇಡೀ ಔಷಧವೇ ಮಾಯವಾಗುವುದು ಅಪರೂಪವೇನಲ್ಲ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಬಡಿದು ಅಲ್ಲಿನ ಕಾರ್ಖಾನೆಗಳು ನಿಂತಾಗ ಅಮೆರಿಕದ ಆಸ್ಪತ್ರೆಗಳಲ್ಲಿ ಸಲೈನ್ ಚೀಲಗಳಿಗೇ ಬರ ಬಂತು. 2022ರ ಕೊನೆಯಲ್ಲಿ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಅಮೆರಿಕ, ಯುರೋಪ್ ಎರಡೂ ಕಡೆ ಸಿಗದೆ ಹೋಯಿತು. 2023ರಲ್ಲಿ ಒಂದೇ ಒಂದು ಕಾರ್ಖಾನೆಯ ಉತ್ಪಾದನೆ ನಿಂತದ್ದಕ್ಕೆ ಕ್ಯಾನ್ಸರ್‌ನ ಸಿಸ್‌ಪ್ಲಾಟಿನ್ ಅಮೆರಿಕದಲ್ಲಿ ದುರ್ಲಭವಾಯಿತು. ತೂಕ ಇಳಿಸುವವರ ಬೇಡಿಕೆ ಏರಿದ್ದರಿಂದ ಮಧುಮೇಹಿಗಳಿಗೆ ಸೆಮಾಗ್ಲುಟೈಡ್ ಇಂಜೆಕ್ಷನ್ ಸಾಲದಾಯಿತು. ಪೆಟ್ಟಿಗೆಯ ಮೇಲೆ ಹತ್ತು ಕಂಪನಿಗಳ ಹೆಸರಿದ್ದರೂ ಒಳಗಿನ ಕಚ್ಚಾ ಔಷಧ ಒಂದೆರಡು ಕಡೆಯಿಂದಷ್ಟೇ ಬರುತ್ತಿರಬಹುದು, ಅದಕ್ಕೇ ಹೀಗಾಗುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಬ್ರ್ಯಾಂಡಿನ ಹೆಸರು ಹೇಳಿ ಕೇಳಬೇಡಿ. "ಈ ಕಂಟೆಂಟ್, ಈ ಪವರ್, ಯಾವ ಕಂಪನಿಯದಾದರೂ ಇದೆಯಾ?" ಎಂದು ಕೇಳಿ. "ಇಲ್ಲ" ಎಂದಿದ್ದವರು ಎಷ್ಟೋ ಸಲ ಈ ಪ್ರಶ್ನೆಗೆ "ಇದೆ" ಎನ್ನುತ್ತಾರೆ.

ಹಂತ 3: ಹಳೆಯ ಸ್ಟ್ರಿಪ್ ಎಸೆಯಬೇಡಿ, ಓದಿ

ಖಾಲಿಯಾದ ಸ್ಟ್ರಿಪ್, ಡಬ್ಬಿ, ಒಳಗಿನ ಮಡಿಸಿದ ಚೀಟಿ ಎಲ್ಲವನ್ನೂ ಇಟ್ಟುಕೊಳ್ಳಿ. ಈ ಇಡೀ ಕೆಲಸದಲ್ಲಿ ನಿಮ್ಮ ಬಳಿ ಇರುವ ದೊಡ್ಡ ದಾಖಲೆ ಅದೇ. ಹೊಸ ಸ್ಟ್ರಿಪ್ಪನ್ನು ಅದರ ಪಕ್ಕ ಇಟ್ಟು ಒಂದೊಂದೇ ಪದ ಹೋಲಿಸಬೇಕು. ದೊಡ್ಡ ಬಣ್ಣದ ಅಕ್ಷರಗಳಲ್ಲಿರುವುದು ಬ್ರ್ಯಾಂಡ್. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುವುದೇ ನಮಗೆ ಬೇಕಾದದ್ದು.

ಮೊದಲು ಜನರಿಕ್ ಹೆಸರು, ಅಂದರೆ ಒಳಗಿನ ಔಷಧದ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಔಷಧಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಇರಲೆಂದು 1953ರಲ್ಲಿ ಮೊದಲ ಪಟ್ಟಿ ಪ್ರಕಟಿಸಿತು. ಬಹುತೇಕ ಹೆಸರುಗಳು ಎಲ್ಲ ಕಡೆ ಒಂದೇ. ಕೆಲವಕ್ಕೆ ಮಾತ್ರ ಎರಡು ಹೆಸರು ಉಳಿದುಕೊಂಡಿವೆ: ಪ್ಯಾರಾಸಿಟಮಾಲ್ ಮತ್ತು ಅಸೆಟಮಿನೊಫೆನ್ ಒಂದೇ, ಸಾಲ್ಬುಟಮಾಲ್ ಮತ್ತು ಅಲ್ಬುಟೆರಾಲ್ ಒಂದೇ, ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಒಂದೇ. ಇದು ಗೊತ್ತಿಲ್ಲದೆ ಎರಡನ್ನೂ ಬೇರೆ ಬೇರೆ ಔಷಧವೆಂದು ಒಟ್ಟಿಗೆ ತೆಗೆದುಕೊಂಡರೆ ಡೋಸ್ ದುಪ್ಪಟ್ಟಾಗುತ್ತದೆ.

ಆಮೇಲೆ ಲವಣ, ಅಂದರೆ ಔಷಧದ ಹೆಸರಿನ ಬೆನ್ನಿಗಿರುವ ಎರಡನೆಯ ಪದ. ಎಚ್ಚರ ತಪ್ಪುವುದು ಬಹಳ ಸಲ ಇಲ್ಲಿಯೇ. ಒಂದು ಸ್ಟ್ರಿಪ್ ಮೇಲೆ "ಮೆಟೊಪ್ರೊಲಾಲ್ ಸಕ್ಸಿನೇಟ್ 50" ಎಂದಿದೆ, ಇನ್ನೊಂದರ ಮೇಲೆ "ಮೆಟೊಪ್ರೊಲಾಲ್ ಟಾರ್ಟ್ರೇಟ್ 50" ಎಂದಿದೆ ಎನ್ನಿ. ಔಷಧ ಒಂದೇ, ಸಂಖ್ಯೆಯೂ ಒಂದೇ. ಆದರೆ ಸಕ್ಸಿನೇಟ್ ಸಾಮಾನ್ಯವಾಗಿ ದಿನಕ್ಕೊಮ್ಮೆ ತೆಗೆದುಕೊಳ್ಳುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಟಾರ್ಟ್ರೇಟ್ ಬೇಗ ಕೆಲಸ ಮಾಡಿ ಬೇಗ ಇಳಿಯುವಂಥದ್ದು, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಬೇಕು. ಸಕ್ಸಿನೇಟ್ ಜಾಗದಲ್ಲಿ ಟಾರ್ಟ್ರೇಟನ್ನು ದಿನಕ್ಕೊಂದರಂತೆ ನುಂಗಿದರೆ ಅರ್ಧ ದಿನ ಔಷಧವೇ ಇಲ್ಲದಂತಾಗುತ್ತದೆ. ಫಿಟ್ಸ್‌ಗೆ ಕೊಡುವ ಫಿನಿಟಾಯ್ನ್‌ನಲ್ಲೂ ಹೀಗೆಯೇ: ಫಿನಿಟಾಯ್ನ್ ಸೋಡಿಯಂ 100 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ ನಿಜವಾಗಿ ಇರುವುದು ಸುಮಾರು 92 ಮಿ.ಗ್ರಾಂ ಫಿನಿಟಾಯ್ನ್. ಸಿರಪ್ಪಿನಲ್ಲಿ ಸೋಡಿಯಂ ಇಲ್ಲದ ಫಿನಿಟಾಯ್ನ್ ಇರುತ್ತದೆ. ಕ್ಯಾಪ್ಸೂಲಿನಿಂದ ಸಿರಪ್ಪಿಗೆ ಹೋಗುವಾಗ ಆ ಚಿಕ್ಕ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ಪವರ್ ಮತ್ತು ಅದರ ಅಳತೆ. ಮಿಲಿಗ್ರಾಂ ಬೇರೆ, ಮೈಕ್ರೋಗ್ರಾಂ ಬೇರೆ. ಸಾವಿರ ಪಟ್ಟಿನ ವ್ಯತ್ಯಾಸ. ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಮಾತ್ರೆಯ ಮೇಲೆ ಒಂದು ಕಂಪನಿ 50 ಮೈಕ್ರೋಗ್ರಾಂ ಎಂದೂ ಇನ್ನೊಂದು 0.05 ಮಿ.ಗ್ರಾಂ ಎಂದೂ ಮುದ್ರಿಸಬಹುದು. ಎರಡೂ ಒಂದೇ.

ಮಕ್ಕಳ ಸಿರಪ್ಪುಗಳಲ್ಲಿ ಇದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಒಂದು ಬಾಟಲಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಅಮಾಕ್ಸಿಸಿಲಿನ್, ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಮಗುವಿಗೆ ಬರೆದದ್ದು 250 ಮಿ.ಗ್ರಾಂ ಆದರೆ ಮೊದಲನೆಯದರಲ್ಲಿ 10 ಮಿ.ಲೀ., ಎರಡನೆಯದರಲ್ಲಿ 5 ಮಿ.ಲೀ. ಕೊಡಬೇಕು. ಬ್ರ್ಯಾಂಡ್ ಬದಲಾದ ಮೇಲೂ "ಎರಡು ಚಮಚ" ಎಂಬ ಹಳೆಯ ಲೆಕ್ಕವೇ ಮುಂದುವರಿದರೆ ಮಗುವಿಗೆ ಎರಡರಷ್ಟು ಔಷಧ ಹೋಗುತ್ತದೆ. ಸಿರಪ್ ಬದಲಾದಾಗಲೆಲ್ಲ ಡೋಸನ್ನು ಮಿಲಿಗ್ರಾಂನಲ್ಲಿ ಕೇಳಿ, ಅದು ಈ ಬಾಟಲಿಯಲ್ಲಿ ಎಷ್ಟು ಮಿ.ಲೀ. ಎಂದು ಫಾರ್ಮಸಿಸ್ಟ್ ಕೈಯಲ್ಲೇ ಬಾಟಲಿಯ ಮೇಲೆ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಬೇಡ, ಅಳತೆಯ ಸಿರಿಂಜ್ ಬಳಸಿ.

ನಾಲ್ಕನೆಯದು ಬಿಡುಗಡೆಯ ಬಗೆ. ಹೆಸರಿನ ಬಾಲದಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್ ಮುಂತಾದ ಅಕ್ಷರಗಳಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಬಾಲ ಇಲ್ಲದ್ದು ಸಾಮಾನ್ಯವಾಗಿ ಒಮ್ಮೆಲೇ ಕರಗುವಂಥದ್ದು. ಬಾಲ ಇರುವುದಕ್ಕೆ ಬಾಲ ಇಲ್ಲದ್ದು ಬದಲಿಯಲ್ಲ. ಡಿಲ್ಟಿಯಾಜೆಮ್, ನಿಫೆಡಿಪಿನ್, ಥಿಯೊಫಿಲಿನ್, ಮೀಥೈಲ್‌ಫೆನಿಡೇಟ್‌ಗಳಲ್ಲಿ ಬಾಲ ಇರುವ ಎರಡು ಬ್ರ್ಯಾಂಡುಗಳೂ ಒಂದೇ ಥರ ಬಿಡುಗಡೆಯಾಗುತ್ತವೆ ಎಂಬ ಭರವಸೆ ಇಲ್ಲ. ಆದ್ದರಿಂದ ಈ ನಾಲ್ಕನ್ನು ವೈದ್ಯರ ಒಪ್ಪಿಗೆಯಿಲ್ಲದೆ ಬದಲಿಸಬೇಡಿ.

ಕೊನೆಯದಾಗಿ, ಜೋಡಿ ಮಾತ್ರೆಗಳು. ಒಂದೇ ಬ್ರ್ಯಾಂಡಿನ ಹೆಸರಿಗೆ ಒಂದು ಅಕ್ಷರ ಸೇರಿದರೆ ಒಳಗೆ ಇನ್ನೊಂದು ಔಷಧವೇ ಸೇರಿರುತ್ತದೆ. ಟೆಲ್ಮಿಸಾರ್ಟಾನ್ ಒಂದೇ ಇರುವ ಮಾತ್ರೆಗೆ ಬದಲಾಗಿ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೊಕ್ಲೋರೊಥಯಾಜೈಡ್ ಇರುವುದು ಬಂದರೆ ಬಿ.ಪಿ. ಬೇಡದಷ್ಟು ಇಳಿಯಬಹುದು. ಜೋಡಿ ಮಾತ್ರೆ ಸಿಗದಿದ್ದರೆ ಎರಡನ್ನೂ ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದೇ ಎಂದು ಮಾತ್ರ ವೈದ್ಯರನ್ನು ಖಂಡಿತ ಕೇಳಿ. ಅನೇಕ ಸಲ ಅದೇ ಸುಲಭದ ಪರಿಹಾರ.

ಹಂತ 4: ಈ ಕ್ರಮದಲ್ಲೇ ಹುಡುಕಿ

ಮೊದಲು ಅದೇ ಔಷಧ, ಅದೇ ಲವಣ, ಅದೇ ಪವರ್, ಅದೇ ಬಗೆ, ಬೇರೆ ಕಂಪನಿ. ಇದು ಸಿಕ್ಕರೆ ಮುಂದಕ್ಕೆ ಹೋಗಬೇಕಿಲ್ಲ.

ಅದು ಇಲ್ಲದಿದ್ದರೆ ಅದೇ ಔಷಧದ ಬೇರೆ ಪವರ್. 50ರದ್ದು ಇಲ್ಲ, 25ರದ್ದು ಇದೆ ಎಂದಾದರೆ ಎರಡು ಮಾತ್ರೆ ಸಾಕು. 100ರದ್ದನ್ನು ಅರ್ಧ ಮಾಡಬೇಕಾದರೆ ಮಾತ್ರ ಮಧ್ಯದಲ್ಲಿ ಗೆರೆ ಇದೆಯೇ ನೋಡಿ, ಫಾರ್ಮಸಿಸ್ಟರನ್ನು ಕೇಳಿ. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು ಕವಚ ಹಾಕಿದ ಮಾತ್ರೆ, ನಿಧಾನ ಬಿಡುಗಡೆಯ ಮಾತ್ರೆ, ಕ್ಯಾಪ್ಸೂಲ್ ಇವನ್ನು ಮುರಿಯುವುದು, ಪುಡಿ ಮಾಡುವುದು, ಬಿಚ್ಚುವುದು ಸಲ್ಲದು. ನಿಧಾನ ಬಿಡುಗಡೆಯದನ್ನು ಮುರಿದರೆ ಇಡೀ ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ರಕ್ತಕ್ಕೆ ಸೇರಿಬಿಡುತ್ತದೆ. ಗೆರೆಯಿರುವ ಮೆಟೊಪ್ರೊಲಾಲ್ ಸಕ್ಸಿನೇಟ್‌ನಂಥ ಕೆಲವನ್ನು ಅರ್ಧ ಮಾಡಬಹುದು, ಆದರೆ ಜಗಿಯುವಂತಿಲ್ಲ. ಇಂಥ ವಿನಾಯಿತಿಗಳನ್ನು ಊಹಿಸದೆ ಕೇಳಿ ತಿಳಿಯಬೇಕು. ಹೊಸ ಪವರ್ ಬಂದಾಗ "ದಿನಕ್ಕೆ ಎಷ್ಟು ಮಾತ್ರೆ" ಎಂಬುದೂ ಬದಲಾಗುತ್ತದಲ್ಲ, ಅದನ್ನು ಹೊಸ ಸ್ಟ್ರಿಪ್ ಮೇಲೆ ಪೆನ್ನಿನಿಂದ ಬರೆದಿಡಿ.

ಮೂರನೆಯದು ಬೇರೆ ರೂಪ: ಮಾತ್ರೆಯ ಬದಲು ಸಿರಪ್, ಕ್ಯಾಪ್ಸೂಲಿನ ಬದಲು ಮಾತ್ರೆ. ಇಲ್ಲಿಂದ ವೈದ್ಯರ ಮಾತು ಬೇಕೇ ಬೇಕು.

ನಾಲ್ಕನೆಯದು ಬೇರೆ ಔಷಧವೇ. ಇದನ್ನು ನೀವಾಗಲಿ, ನೆರೆಯವರಾಗಲಿ, ಅಂಗಡಿಯ ಹುಡುಗನಾಗಲಿ ತೀರ್ಮಾನಿಸಬಾರದು. ಒಂದೇ ಗುಂಪಿನ ಔಷಧಗಳ ಮಿಲಿಗ್ರಾಂಗಳು ಒಂದಕ್ಕೊಂದು ಸಮವಲ್ಲ. 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಮಾಡುವ ಕೆಲಸವನ್ನು 4 ಮಿ.ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಮಾಡುತ್ತದೆ, ಡೆಕ್ಸಾಮೆಥಾಸೋನ್ ಆದರೆ ಬರೀ 0.75 ಮಿ.ಗ್ರಾಂ ಸಾಕು. ಇದಲ್ಲದೆ ಹೊಸ ಔಷಧ ನಿಮ್ಮ ಉಳಿದ ಮಾತ್ರೆಗಳ ಜೊತೆ ಹೊಂದಿಕೊಳ್ಳಬೇಕು. ಅಸಿಡಿಟಿಯ ಪ್ಯಾಂಟೊಪ್ರಜೋಲ್ ಸಿಗಲಿಲ್ಲವೆಂದು ಒಮೆಪ್ರಜೋಲ್ ತೆಗೆದುಕೊಳ್ಳುವುದು ಸಣ್ಣ ಬದಲಾವಣೆ ಎನಿಸುತ್ತದೆ, ಆದರೆ ಒಮೆಪ್ರಜೋಲ್ ಕ್ಲೊಪಿಡೊಗ್ರೆಲ್‌ನ ಕೆಲಸವನ್ನು ಕುಗ್ಗಿಸುತ್ತದೆ. ಸ್ಟೆಂಟ್ ಇರುವವರಿಗೆ ಅದು ಸಣ್ಣ ವಿಷಯವಲ್ಲ.

"ಅದೇ" ಎಂಬುದಕ್ಕೆ ಆಧಾರವೇನು?

ಇದು ಹಂತವಲ್ಲ, ಆದರೆ ಬಹಳ ಮಂದಿಯ ಮನಸ್ಸಿನಲ್ಲಿರುವ ಸಂಶಯ. ಜನರಿಕ್ ಔಷಧದಲ್ಲಿ, ಅಂದರೆ ಮೂಲ ಕಂಪನಿಯಲ್ಲದೆ ಬೇರೆಯವರು ತಯಾರಿಸಿದ ಅದೇ ಔಷಧದಲ್ಲಿ, ಶೇ. 20ರಷ್ಟು ಹೆಚ್ಚುಕಮ್ಮಿ ಇರುತ್ತದಂತೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ತಪ್ಪು ತಿಳಿವಳಿಕೆ. ಹೊಸ ಬ್ರ್ಯಾಂಡನ್ನು ಮೂಲ ಔಷಧದೊಂದಿಗೆ ಹೋಲಿಸಿ, ರಕ್ತಕ್ಕೆ ಒಟ್ಟು ಎಷ್ಟು ಔಷಧ ಸೇರುತ್ತದೆ, ಗರಿಷ್ಠ ಮಟ್ಟ ಎಷ್ಟಕ್ಕೇರುತ್ತದೆ ಎಂದು ಅಳೆಯುತ್ತಾರೆ. ಮೂಲ ಔಷಧದ್ದು 100 ಎಂದುಕೊಂಡರೆ, ಆ ಹೋಲಿಕೆಯ ಶೇ. 90ರ ವಿಶ್ವಾಸಾರ್ಹ ವ್ಯಾಪ್ತಿ (ನಿಜವಾದ ಸರಾಸರಿ ಇರಬಹುದಾದ ಅಂದಾಜು ಮಿತಿ) ಪೂರ್ತಿಯಾಗಿ 80ರಿಂದ 125ರೊಳಗೆ ಇರಬೇಕು ಎಂಬುದು ನಿಯಮ. ಇಡೀ ವ್ಯಾಪ್ತಿ ಅದರೊಳಗೆ ಕೂರಬೇಕಾದರೆ ಸರಾಸರಿ 100ರ ಹತ್ತಿರವೇ ಇರಬೇಕಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಪ್ರಕಟಿಸಿದ, 2,070 ಪರೀಕ್ಷೆಗಳ ಪರಿಶೀಲನೆಯಲ್ಲಿ ಕಂಡ ಸರಾಸರಿ ವ್ಯತ್ಯಾಸ ಶೇ. 4ರ ಆಸುಪಾಸಿನದು. ಬಿ.ಪಿ., ಕೊಲೆಸ್ಟರಾಲ್, ಸಕ್ಕರೆ ಕಾಯಿಲೆಯ ಬಹುತೇಕ ಮಾತ್ರೆಗಳಲ್ಲಿ ಇಷ್ಟು ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ನಿಯಂತ್ರಣ ಸಂಸ್ಥೆಯ ಅನುಮತಿ ಪಡೆದ ಬ್ರ್ಯಾಂಡ್ ಆದರೆ ನಿಶ್ಚಿಂತೆಯಿಂದ ಬದಲಿಸಿ.

ಹಂತ 5: ನಿಮ್ಮದು ಸೂಕ್ಷ್ಮ ಔಷಧವೇ?

ಕೆಲವು ಔಷಧಗಳಲ್ಲಿ ಸಾಕಾಗುವ ಡೋಸ್ ಮತ್ತು ವಿಷವಾಗುವ ಡೋಸ್ ನಡುವೆ ಅಂತರ ಬಹಳ ಕಡಿಮೆ. ವಾರ್ಫರಿನ್, ಲಿಥಿಯಂ, ಡಿಗಾಕ್ಸಿನ್, ಫಿನಿಟಾಯ್ನ್, ಕಾರ್ಬಮಝೆಪಿನ್, ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್, ಥಿಯೊಫಿಲಿನ್, ಲೆವೊಥೈರಾಕ್ಸಿನ್ ಈ ಗುಂಪಿನವು.

1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಫಿನಿಟಾಯ್ನ್ ತೆಗೆದುಕೊಳ್ಳುತ್ತಿದ್ದ ರೋಗಿಗಳು ಒಬ್ಬರ ಹಿಂದೊಬ್ಬರು ತೂರಾಡತೊಡಗಿದರು, ಮಾತು ತೊದಲತೊಡಗಿತು. ಡೋಸ್ ಬದಲಾಗಿರಲಿಲ್ಲ. ವಿಚಾರಿಸಿದಾಗ ಕ್ಯಾಪ್ಸೂಲ್ ತುಂಬಲು ಬಳಸುವ ಪುಡಿಯನ್ನು ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಿಸಿದ್ದು ತಿಳಿಯಿತು. ಅಷ್ಟರಿಂದಲೇ ದೇಹ ಹೆಚ್ಚು ಔಷಧ ಹೀರಿಕೊಂಡಿತ್ತು. ಫ್ರಾನ್ಸ್‌ನಲ್ಲಿ 2017ರಲ್ಲಿ ಲೆವೊಥೈರಾಕ್ಸಿನ್‌ನ ಒಂದು ಬ್ರ್ಯಾಂಡ್‌ನಲ್ಲಿ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲ ಹಾಕಿದಾಗ ಸಾವಿರಾರು ಜನ ಸುಸ್ತು, ತಲೆನೋವು, ಕೂದಲು ಉದುರುವಿಕೆ ಎಂದು ದೂರಿದರು. ಆ ದೂರುಗಳಿಗೆ ಕಾರಣವೇನು ಎಂಬ ಬಗ್ಗೆ ದೊಡ್ಡ ವಾದವೇ ನಡೆಯಿತು.

ಇದರ ಅರ್ಥ ಸೂಕ್ಷ್ಮ ಔಷಧದ ಬ್ರ್ಯಾಂಡ್ ಬದಲಿಸಲೇಬಾರದು ಎಂದಲ್ಲ. ಕೊರತೆಯಲ್ಲಿ ಬದಲಿಸಲೇಬೇಕಾಗುತ್ತದೆ, ಔಷಧವಿಲ್ಲದೆ ಇರುವುದಕ್ಕಿಂತ ಬೇರೆ ಬ್ರ್ಯಾಂಡ್ ಎಷ್ಟೋ ವಾಸಿ. ಆದರೆ ವೈದ್ಯರಿಗೆ ತಿಳಿಸಿ ಬದಲಿಸಿ, ರಕ್ತ ಪರೀಕ್ಷೆಯ ದಿನವನ್ನು ಆಗಲೇ ಗೊತ್ತು ಮಾಡಿಕೊಳ್ಳಿ. ವಾರ್ಫರಿನ್ ಆದರೆ ಸುಮಾರು ಒಂದು ವಾರದಲ್ಲಿ ಐಎನ್ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ). ಲಿಥಿಯಂ ಆದರೆ ಐದರಿಂದ ಏಳು ದಿನದ ಮೇಲೆ, ಕೊನೆಯ ಡೋಸ್ ಆಗಿ 12 ತಾಸು ಕಳೆದಾಗ ರಕ್ತ ಕೊಡಬೇಕು. ಲೆವೊಥೈರಾಕ್ಸಿನ್ ಆದರೆ ಆರರಿಂದ ಎಂಟು ವಾರಕ್ಕೆ ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ). ಅದಕ್ಕಿಂತ ಮೊದಲು ಮಾಡಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಫಿನಿಟಾಯ್ನ್, ಕಾರ್ಬಮಝೆಪಿನ್, ಫಿನೊಬಾರ್ಬಿಟಲ್, ಪ್ರಿಮಿಡೋನ್ ಈ ನಾಲ್ಕರಲ್ಲಿ ರೋಗಿಯನ್ನು ಒಂದೇ ತಯಾರಕರ ಔಷಧದಲ್ಲಿ ಉಳಿಸಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಿಂದ ಹೇಳುತ್ತಿದೆ. ಕಸಿಯಾದವರ ಟ್ಯಾಕ್ರೊಲಿಮಸ್‌ನಲ್ಲಿ ದಿನಕ್ಕೊಮ್ಮೆಯದೂ ದಿನಕ್ಕೆ ಎರಡು ಸಲದ್ದೂ ಇವೆ. ಇದನ್ನು ಕಸಿ ತಜ್ಞರನ್ನು ಬಿಟ್ಟು ಬೇರಾರೂ ಬದಲಿಸಕೂಡದು.

ಹಂತ 6: ಇನ್ಸುಲಿನ್, ಇನ್ಹೇಲರ್ ಇದ್ದರೆ

ಇನ್ಸುಲಿನ್ ಬಾಟಲಿಯ ಮೇಲೆ 40 ಯೂನಿಟ್ ಅಥವಾ 100 ಯೂನಿಟ್ ಎಂದಿರುತ್ತದೆ, ಅಂದರೆ ಒಂದು ಮಿ.ಲೀ.ನಲ್ಲಿ ಇರುವ ಪ್ರಮಾಣ. ಸಿರಿಂಜ್ ಕೂಡ ಅದಕ್ಕೆ ತಕ್ಕದ್ದೇ ಬೇಕು. 100ರ ಬಾಟಲಿಗೆ 40ರ ಸಿರಿಂಜ್ ಹಾಕಿದರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಇನ್ಸುಲಿನ್ ದೇಹಕ್ಕೆ ಹೋಗುತ್ತದೆ, ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬ್ರ್ಯಾಂಡ್ ಬದಲಾದ ದಿನ ಬಾಟಲಿ, ಸಿರಿಂಜ್ ಎರಡನ್ನೂ ಒಟ್ಟಿಗೆ ಹಿಡಿದು ಸಂಖ್ಯೆ ಹೊಂದುತ್ತದೆಯೇ ನೋಡಿ. ಗ್ಲಾರ್ಜಿನ್ ಪೆನ್ನುಗಳಲ್ಲಿ 100ರದ್ದೂ 300ರದ್ದೂ ಇವೆ. ಪೆನ್ನು ತಾನೇ ಯೂನಿಟ್ ಲೆಕ್ಕ ಮಾಡಿ ಕೊಡುತ್ತದೆ, ಆದರೆ ಎರಡರ ಪರಿಣಾಮ ಒಂದೇ ಅಲ್ಲವಾದ್ದರಿಂದ ಡೋಸನ್ನು ವೈದ್ಯರೇ ಹೇಳಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದೂ ಎಳೆದುಕೊಳ್ಳಬೇಡಿ. ಬದಲಿಸಿದ ಮೊದಲ ಕೆಲವು ದಿನ ಸಕ್ಕರೆ ಪರೀಕ್ಷೆ ಹೆಚ್ಚು ಸಲ ಮಾಡಿ.

ಇನ್ಹೇಲರ್‌ನಲ್ಲಿ ಔಷಧ ಒಂದೇ ಆದರೂ ಉಸಿರೆಳೆಯುವ ರೀತಿ ಬದಲಾಗಬಹುದು. ಒತ್ತಿದಾಗ ಸಿಂಪಡಿಸುವ ಬಗೆಯದರಲ್ಲಿ ನಿಧಾನವಾಗಿ, ಆಳವಾಗಿ ಎಳೆಯಬೇಕು. ಪುಡಿಯ ಬಗೆಯದರಲ್ಲಿ ಒಮ್ಮೆಲೇ ಜೋರಾಗಿ ಎಳೆಯಬೇಕು. ಹೊಸ ಸಾಧನ ಬಂದಾಗ ಫಾರ್ಮಸಿಸ್ಟ್ ಎದುರೇ ಒಮ್ಮೆ ಮಾಡಿ ತೋರಿಸಿ. ಬೆಕ್ಲೊಮೆಥಾಸೋನ್‌ನಲ್ಲಿ ಅತಿ ಸೂಕ್ಷ್ಮ ಕಣಗಳ ಬ್ರ್ಯಾಂಡ್‌ಗಳು ಸುಮಾರು ಎರಡು ಪಟ್ಟು ಪ್ರಬಲ, ಹಾಗಾಗಿ ಅದನ್ನು ಬ್ರ್ಯಾಂಡ್ ಹೆಸರಿನಿಂದಲೇ ಬರೆಸಿಕೊಳ್ಳಬೇಕು.

ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನ್‌ಗಳ ಹೆಸರು, ಪ್ರಮಾಣದ ಜೊತೆಗೆ ಪಟ್ಟಿಯಲ್ಲಿ ಎಷ್ಟು ಮಾತ್ರೆಗಳಲ್ಲಿ ಔಷಧವಿದೆ ಎಂದೂ ನೋಡಿ. 21ರದ್ದು ಬೇರೆ, 24ರದ್ದು ಬೇರೆ. ಹಳೆಯ ಪಟ್ಟಿ ಮುಗಿದ ಮೇಲೆ ಹೊಸದನ್ನು ಯಾವ ದಿನ ಶುರು ಮಾಡಬೇಕೆಂದು ಕೇಳಿಕೊಳ್ಳಿ.

ಹಂತ 7: ಅಲರ್ಜಿ ಇರುವವರು ಒಳಚೀಟಿ ನೋಡಿ

ಮಾತ್ರೆಯಲ್ಲಿ ಔಷಧದ ಜೊತೆ ಲ್ಯಾಕ್ಟೋಸ್, ಗೋಧಿ ಪಿಷ್ಟ, ಜೆಲಟಿನ್, ಬಣ್ಣ ಇರಬಹುದು. ಟಾರ್ಟ್ರಜಿನ್ ಎಂಬ ಹಳದಿ ಬಣ್ಣ ಕೆಲವರಿಗೆ ಆಗದು. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಇರುವ ಜಗಿಯುವ ಮಾತ್ರೆ ಕೂಡದು. ನೀರಿನಲ್ಲಿ ಬುಸುಗುಟ್ಟಿ ಕರಗುವ ಮಾತ್ರೆಗಳಲ್ಲಿ ಸೋಡಿಯಂ ಹೆಚ್ಚು, ಹೃದಯ ದುರ್ಬಲವಿರುವವರು ಗಮನಿಸಬೇಕು.

ಹಂತ 8: ವೈದ್ಯರಿಗೆ, ಫಾರ್ಮಸಿಸ್ಟರಿಗೆ ಹೇಗೆ ಹೇಳಬೇಕು

"ಡಾಕ್ಟ್ರೇ, ಆ ಮಾತ್ರೆ ಸಿಗ್ತಿಲ್ಲ" ಎಂದಷ್ಟೇ ಹೇಳಿದರೆ ಅವರಿಗೂ ಕಷ್ಟ. ಹೀಗೆ ಹೇಳಿ ನೋಡಿ: "ನಾನು ಕಾರ್ಬಮಝೆಪಿನ್ ಸಿಆರ್ 200, ದಿನಕ್ಕೆ ಎರಡು ತೆಗೆದುಕೊಳ್ಳುತ್ತಿದ್ದೇನೆ. ಈಗಿನ ಬ್ರ್ಯಾಂಡ್ ಎಲ್ಲೂ ಇಲ್ಲ. ಬೇರೆ ಕಂಪನಿಯ ಸಿಆರ್ 200 ಸಿಗುತ್ತಿದೆ. ನನ್ನ ಬಳಿ ಇನ್ನು ಆರು ದಿನಕ್ಕೆ ಇದೆ. ಇದಕ್ಕೆ ಬದಲಾಗಬಹುದೇ, ರಕ್ತ ಪರೀಕ್ಷೆ ಬೇಕೇ?" ಹೀಗೆ ಹೇಳಿದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹೊಸ ಚೀಟಿ ಬರೆಸುವಾಗ ಜನರಿಕ್ ಹೆಸರನ್ನೂ ಬರೆಯಲು ಕೇಳಿ, ಇನ್ನೊಂದು ಅಂಗಡಿಯಲ್ಲಿ ಹುಡುಕುವುದು ಸುಲಭವಾಗುತ್ತದೆ.

ಅಂಗಡಿಯಲ್ಲಿ ಬದಲಿ ಕೊಟ್ಟಾಗ ಹಳೆಯ ಸ್ಟ್ರಿಪ್ ಮುಂದಿಟ್ಟು ಕೇಳಿ: ಕಂಟೆಂಟ್ ಒಂದೇ ತಾನೆ? ಲವಣ? ಪವರ್? ದಿನಕ್ಕೆ ಎಷ್ಟು ಸಲ ಎಂಬುದೂ ಅದೇ ತಾನೆ? ಹಿಂದೆ ಸಾಲಿನಲ್ಲಿ ಎಷ್ಟು ಜನ ನಿಂತಿದ್ದರೂ ಸಂಕೋಚ ಬೇಡ. ಸಣ್ಣ ಅಂಗಡಿಗಳಲ್ಲಿ ಇಲ್ಲದ್ದು ದೊಡ್ಡ ಆಸ್ಪತ್ರೆಯ ಔಷಧಾಲಯದಲ್ಲಿ ಇರಬಹುದು. ಫೋನ್ ಮಾಡಿ, ಎತ್ತಿಡಲು ಹೇಳಿ, ಆಮೇಲೆ ಹೋಗಿ.

ಹಂತ 9: ಎಲ್ಲಿಂದ ತರಬಾರದು

ಕೊರತೆ ಬಂದ ಕೂಡಲೇ ನಕಲಿ ಔಷಧವೂ ಬರುತ್ತದೆ. ಸೆಮಾಗ್ಲುಟೈಡ್ ಕೊರತೆಯ ಹೊತ್ತಿನಲ್ಲಿ ನಕಲಿ ಇಂಜೆಕ್ಷನ್‌ಗಳು ಹಲವು ದೇಶಗಳಲ್ಲಿ ಪತ್ತೆಯಾಗಿ, 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಪರವಾನಗಿ ಇಲ್ಲದ ಜಾಲತಾಣ, ಮೆಸೇಜ್ ಗುಂಪಿನಲ್ಲಿ ಮಾರುವವರು, ಚೀಟಿ ಕೇಳದೆ ಕೊಡುವವರು, ಇವರಿಂದ ಕೊಳ್ಳಬೇಡಿ. ಸೀಲ್ ಒಡೆದಿದ್ದರೆ, ಡಬ್ಬಿಯ ಬ್ಯಾಚ್ ಸಂಖ್ಯೆಗೂ ಸ್ಟ್ರಿಪ್ಪಿನ ಬ್ಯಾಚ್ ಸಂಖ್ಯೆಗೂ ತಾಳೆಯಾಗದಿದ್ದರೆ, ಅವಧಿಯ ದಿನಾಂಕ ಅಳಿಸಿದಂತಿದ್ದರೆ ವಾಪಸ್ ಕೊಡಿ.

ಬೇರೆ ದೇಶದಲ್ಲಿರುವ ಬಂಧುಗಳ ಕೈಯಲ್ಲಿ ಬ್ರ್ಯಾಂಡ್ ಹೆಸರು ಹೇಳಿ ತರಿಸುವುದೂ ಅಪಾಯ. ಫ್ಲೋಮ್ಯಾಕ್ಸ್ ಎಂದರೆ ಅಮೆರಿಕದಲ್ಲಿ ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್, ಇಟಲಿಯಲ್ಲಿ ಅದೇ ಹೆಸರಿನಲ್ಲಿದ್ದದ್ದು ಉರಿಯೂತದ ಔಷಧ. ಡಿಲಾಕರ್ ಹೆಸರಿನಲ್ಲಿ ಅಮೆರಿಕದಲ್ಲಿದ್ದದ್ದು ಡಿಲ್ಟಿಯಾಜೆಮ್, ಸರ್ಬಿಯಾದಲ್ಲಿದ್ದದ್ದು ಡಿಗಾಕ್ಸಿನ್. ತರಿಸಲೇಬೇಕಾದರೆ ಜನರಿಕ್ ಹೆಸರು, ಲವಣ, ಪವರ್ ಬರೆದು ಕಳಿಸಿ, ಬಂದದ್ದನ್ನು ನಿಮ್ಮ ವೈದ್ಯರಿಗೆ ತೋರಿಸಿದ ಮೇಲೆಯೇ ತೆಗೆದುಕೊಳ್ಳಿ.

ಹಂತ 10: ಬದಲಿಸಿದ ಮೇಲಿನ ಎರಡು ವಾರ

ಮೊದಲ ಕೆಲಸ, ಹಳೆಯ ಬ್ರ್ಯಾಂಡಿನ ಉಳಿದ ಒಂದೆರಡು ಮಾತ್ರೆಗಳನ್ನು ಡಬ್ಬಿಯಿಂದ ಬೇರೆ ಮಾಡಿ. ಬ್ರ್ಯಾಂಡ್ ಬದಲಾವಣೆಯಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ: ಎರಡು ಬೇರೆ ಹೆಸರಿನ ಸ್ಟ್ರಿಪ್ ಒಂದೇ ಡಬ್ಬಿಯಲ್ಲಿದ್ದರೆ, ಎರಡೂ ಬೇರೆ ಬೇರೆ ಕಾಯಿಲೆಗೆ ಎಂದುಕೊಂಡು ಎರಡನ್ನೂ ನುಂಗಿಬಿಡುತ್ತಾರೆ. ವಯಸ್ಸಾದವರು ಮಾತ್ರೆಯನ್ನು ಹೆಸರಿನಿಂದ ಗುರುತಿಸುವುದಿಲ್ಲ, "ಬೆಳಗಿನ ಬಿಳಿ ಗುಂಡು", "ರಾತ್ರಿಯ ಗುಲಾಬಿ" ಎಂದು ಬಣ್ಣ, ಆಕಾರದಿಂದ ಗುರುತಿಸುತ್ತಾರೆ. ಬಣ್ಣ ಬದಲಾದರೆ ತಪ್ಪು ಮಾತ್ರೆ ಎಂದು ಬಿಟ್ಟುಬಿಡುವವರೂ ಇದ್ದಾರೆ. ಆದ್ದರಿಂದ ಹೊಸ ಮಾತ್ರೆಯನ್ನು ಅವರ ಅಂಗೈಯಲ್ಲಿಟ್ಟು, "ಅಮ್ಮಾ, ಇನ್ನು ಬಿ.ಪಿ. ಮಾತ್ರೆ ಹೀಗಿರುತ್ತೆ, ಆ ಬಿಳಿಯದು ಬೇಡ" ಎಂದು ತೋರಿಸಿ ಹೇಳಿ. ಸ್ಟ್ರಿಪ್ ಮೇಲೆ ದೊಡ್ಡದಾಗಿ "ಬಿ.ಪಿ., ಬೆಳಿಗ್ಗೆ" ಎಂದು ಬರೆದುಬಿಡಿ. ಮನೆಯಲ್ಲಿ ಮಾತ್ರೆ ಕೊಡುವವರು ಇಬ್ಬರಿದ್ದರೆ ಇಬ್ಬರಿಗೂ ತಿಳಿಸಿ.

ಒಂದು ಹಾಳೆಯಲ್ಲಿ ಬದಲಿಸಿದ ತಾರೀಖು, ಹೊಸ ಬ್ರ್ಯಾಂಡ್, ಬ್ಯಾಚ್ ಸಂಖ್ಯೆ ಬರೆದಿಡಿ. ಬಿ.ಪಿ.ಯೋ ಸಕ್ಕರೆಯೋ ಮನೆಯಲ್ಲೇ ನೋಡುವ ಅಭ್ಯಾಸವಿದ್ದರೆ ಈ ಎರಡು ವಾರ ಬರೆದಿಟ್ಟುಕೊಂಡು ನೋಡಿ. ಹೊಸ ಮಾತ್ರೆ ಎಂಬ ಆತಂಕದಿಂದಲೇ ತಲೆನೋವು, ಹೊಟ್ಟೆ ತೊಳಸು ಬರುವುದುಂಟು. ಬರೆದ ಅಂಕಿಗಳು ಕೈಯಲ್ಲಿದ್ದರೆ ಅದು ಆತಂಕವೋ ನಿಜವಾದ ಬದಲಾವಣೆಯೋ ಎಂದು ವೈದ್ಯರು ಹೇಳಬಲ್ಲರು. ಆ ತೊಂದರೆಯನ್ನು ಯಾರೂ ಸುಳ್ಳೆಂದು ತಳ್ಳಿಹಾಕಬಾರದು.

ಮುಖ, ತುಟಿ ಊದಿಕೊಳ್ಳುವುದು, ಉಸಿರಾಟದ ತೊಂದರೆ, ಫಿಟ್ಸ್, ಎದೆನೋವು, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ, ಸ್ಟ್ರಿಪ್ ಜೊತೆಗೇ ತೆಗೆದುಕೊಂಡು ಹೋಗಿ. ತೂರಾಟ, ಕೈ ನಡುಕ, ಮಾತು ತೊದಲುವುದು, ಎದೆ ಬಡಿತ ಏರುವುದು, ಮೈಮೇಲೆ ಗಂದೆ ಏಳುವುದು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಮುಂದಿನ ಡೋಸ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವರನ್ನೇ ಕೇಳಿ.

ಹಂತ 11: ಹಳೆಯ ಬ್ರ್ಯಾಂಡ್ ಮರಳಿ ಬಂದಾಗ

ಹೊಸದು ಸರಿಹೊಂದಿದ್ದರೆ ಹಳೆಯದಕ್ಕೆ ಮರಳಲೇಬೇಕೆಂಬ ಕಟ್ಟುಪಾಡಿಲ್ಲ. ಸೂಕ್ಷ್ಮ ಔಷಧವಾದರಂತೂ ರಕ್ತ ಪರೀಕ್ಷೆ ಸರಿಯಾಗಿ ಬಂದ ಬ್ರ್ಯಾಂಡಿನಲ್ಲೇ ನಿಲ್ಲಿ. ತಿಂಗಳಿಗೊಂದು ಕಂಪನಿ ಎಂದು ಅತ್ತಿತ್ತ ಓಡಾಡುವುದು ಬೇಡ. ಮರಳುವುದಾದರೆ ಅದೂ ಒಂದು ಬದಲಾವಣೆಯೇ, ಅದಕ್ಕೂ ಮೇಲಿನ ಹೋಲಿಕೆ, ಅದೇ ಪರೀಕ್ಷೆ ಬೇಕು.

ಇನ್ನು ಮುಂದೆ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತಂದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಕೂಡಿಡಬೇಡಿ. ಒಬ್ಬರು ಆರು ತಿಂಗಳಿನದನ್ನು ಒಮ್ಮೆಲೇ ಕೊಂಡರೆ ಹಿಂದೆ ನಿಂತ ಐದು ಜನರಿಗೆ ಆ ತಿಂಗಳ ಮಾತ್ರೆ ಇರುವುದಿಲ್ಲ, ಕೊರತೆಯೂ ಇನ್ನಷ್ಟು ದಿನ ಬೆಳೆಯುತ್ತದೆ. ಬಳಸದೆ ಉಳಿದ ಹಳೆಯ ಮಾತ್ರೆಗಳನ್ನು ಫಾರ್ಮಸಿಸ್ಟರಿಗೆ ತೋರಿಸಿ, ಇಟ್ಟುಕೊಳ್ಳಬೇಕೋ ವಿಲೇವಾರಿ ಮಾಡಬೇಕೋ ಎಂದು ಕೇಳಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಈಗಿನ ಬ್ರ್ಯಾಂಡಿನ ಸ್ಟ್ರಿಪ್ ಮತ್ತು ತಾರೀಖು ಬರೆದ ಆ ಹಾಳೆಯನ್ನು ಒಯ್ದು, ನಿಮ್ಮ ಫೈಲಿನಲ್ಲಿ ಸೇರಿಸಲು ಹೇಳಿ.